ಅವ್ವ ಗಂಡಿನ ಮನೆ ನೋಡಿ ಬಂದದ್ದು

ಸಂಪಿನ ಮೋಟಾರು ಓಡುತ್ತಿರುವಾಗ ಅದರ ಸದ್ದು ಯಾರಿಗೂ ಕೇಳಿಸುವುದಿಲ್ಲ. ಟ್ಯಾಂಕು ತುಂಬಿ ಸ್ವಿಚ್ಚು ಆರಿಸಿದಾಗಲೇ ಕೇಳಿಸುವುದು. ಇವತ್ತು ಬೆಳಿಗ್ಗೆ ಹಾಗೆ ತಟಕ್ಕನೆ ಸದ್ದಡಗಿತು ನೋಡಿ, ಹುರುಳಿಕಾಯಿ ಹೆಚ್ಚುತ್ತಿದ್ದ ನನ್ನ ಕೈಯೂ ನಿಂತಿತು. ನಗಬೇಡಿ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಇಂಜಿನ್ನು ನಿಂತರೆ ಎಲ್ಲರೂ ಆಕಾಶ ನೋಡುತ್ತಿದ್ದೆವು.

ಬ್ಯಾಟರಾಯನಪುರದಲ್ಲಿ ನಮ್ಮದು ದ್ರಾಕ್ಷಿ ತೋಟ. ಅಪ್ಪ ಬಾವಿಗೆ ಇಂಜಿನ್ನು ಕೂರಿಸಿದ್ದರು. ಅದು ಕೆಮ್ಮುತ್ತ ಓಡಿದಷ್ಟು ಹೊತ್ತು ನೀರು, ನಿಂತರೆ ಅಪ್ಪನ ಬೈಗುಳ. ಅವ್ವನಿಗೆ ಗೊತ್ತಿದ್ದ ಯಂತ್ರಶಾಸ್ತ್ರ ಇಷ್ಟೇ. ಅದನ್ನೇ ಆಕೆ ಜಕ್ಕೂರಿನ ವಿಮಾನಗಳಿಗೂ ಹಚ್ಚಿದ್ದಳು. ಅಲ್ಲಿನ ಮೈದಾನದಲ್ಲಿ ಹುಡುಗರಿಗೆ ವಿಮಾನ ಓಡಿಸುವುದನ್ನು ಕಲಿಸುತ್ತಿದ್ದರು. ಆ ಪುಟ್ಟ ವಿಮಾನಗಳು ಸಂಜೆ ನಮ್ಮ ಚಪ್ಪರದ ಮೇಲೆ ಬರುವ ಹೊತ್ತಿಗೆ ಸದ್ದು ತಗ್ಗಿ, ತೋಪಿನ ಆಚೆ ಮರೆಯಾಗುತ್ತಿದ್ದವು. ಅವ್ವ ತಾಳಿ ಹಿಡಿದುಕೊಂಡು, “ನಿಂತೋಯ್ತು! ಯಾವ ತಾಯಿ ಎತ್ತ ಮಗನೋ!” ಅನ್ನುವಳು. ನಾವೂ ಉಸಿರು ಬಿಗಿಹಿಡಿದು ಧಡ್ ಅನ್ನುವುದನ್ನೇ ಕಾಯುವುದು. ಅದು ಕೇಳಿಸುತ್ತಿರಲಿಲ್ಲ. ಮಾರನೆಯ ದಿನ ಅದೇ ಹಳದಿ ವಿಮಾನ ಹಾರಿದರೆ, “ಇದು ಬ್ಯಾರೆ ಕಣೇ, ನಿನ್ನೆದು ಓಯ್ತಲ್ಲ” ಅನ್ನುವಳು. ಆಕೆಯ ಲೆಕ್ಕದಲ್ಲಿ ಜಕ್ಕೂರು ಅದೆಷ್ಟು ವಿಮಾನ ಕಳೆದುಕೊಂಡಿತೋ ಶಿವನೇ ಬಲ್ಲ. ನಾನೇನು ಕಮ್ಮಿಯಲ್ಲ. ಹೈಸ್ಕೂಲು ಓದಿದ್ದೆ, ಗಾಳಿ, ರೆಕ್ಕೆ ಎಲ್ಲ ಬಾಯಿಪಾಠ. ಸದ್ದು ತಗ್ಗಿದರೆ ಮಾತ್ರ ಎಲ್ಲ ಮರೆತು ಅಂಗಳಕ್ಕೆ ಓಡುತ್ತಿದ್ದೆ. ಅವ್ವನ ಮೂಗು ನನಗೆ ಬಂದಿದೆಯಲ್ಲ, ಈ ಭಯವೂ ಅದರ ಜೊತೆಗೇ ಬಂದಿತ್ತು.

ಇಂಥ ಮನೆಗೆ ಬಂದ ಸಂಬಂಧ ಯಾವುದು ಅಂತೀರಿ? ಯಶವಂತಪುರದ ಹುಡುಗ, ಅದೇ ಮೈದಾನದಲ್ಲಿ ವಿಮಾನ ಕಲಿಸುವ ಕೆಲಸ! ಉಪ್ಪಿಟ್ಟಿನ ತಟ್ಟೆ ಕೊಡುತ್ತ ಕದ್ದು ನೋಡಿದೆ. ಹಿಡಿಸಿದರು. ಈ ವಯಸ್ಸಿನಲ್ಲಿ ಇನ್ನೇನು ನಾಚಿಕೆ, ಬಹಳ ಹಿಡಿಸಿದರು. ಮದುವೆಯಾದರೆ ಇವರನ್ನೇ, ಇಲ್ಲದಿದ್ದರೆ ಬೇಡವೇ ಬೇಡ ಅಂತ ಅಡುಗೆಮನೆ ಸೇರುವಷ್ಟರಲ್ಲಿ ತೀರ್ಮಾನಿಸಿಬಿಟ್ಟಿದ್ದೆ.

ಅಷ್ಟರಲ್ಲಿ ಅವ್ವ ಬಾಗಿಲ ಮರೆಯಿಂದ ಕೇಳಿದಳು: “ಅಲ್ಲಪ್ಪಾ, ಮ್ಯಾಲಿದ್ದಾಗ ಇಂಜಿನ್ನು ನಿಂತೋದ್ರೆ ಏನ್ ಮಾಡ್ತೀರ?”

ಪುಣ್ಯಾತ್ಮರು ಧೈರ್ಯ ಹೇಳಲು ಹೋಗಿ, “ಅಯ್ಯೋ, ಅದಕ್ಯಾಕೆ ಹೆದರ್ತೀರಮ್ಮಾ? ದಿನಾ ನಾವೇ ನಿಲ್ಲಿಸ್ತೀವಿ!” ಅಂದರು. ಅವ್ವನ ಮುಖ ನೋಡಿ ಗಾಬರಿಯಾಗಿ, “ಅಂದ್ರೆ ಪೂರ್ತಿ ಅಲ್ಲ, ಇಳಿಯೋಕೆ ತಗ್ಗಿಸ್ತೀವಿ. ರೆಕ್ಕೆ ಇರುತ್ತಲ್ಲ, ಹಂಗೇ ಜಾರ್ಕೊಂಡು ಬರುತ್ತೆ” ಅಂತ ಸೇರಿಸಿದರು. ಜಾರುತ್ತೆ ಅಂದದ್ದೇ ಸಾಕಾಯಿತು. ಅವರು ಗೇಟು ದಾಟುವ ಮುಂಚೆಯೇ ಅವ್ವ, “ಕೊಡಾಕಿಲ್ಲ” ಅಂದಳು.

ನಾನು ಊಟ ಬಿಟ್ಟೆ. ಅಪ್ಪ ಉಪಾಯವಾಗಿ, “ಗಂಡಿನ ಮನೆ ನೋಡ್ಕಂಡಾದ್ರೂ ಬರಾನ, ಆಮೇಲೆ ಬ್ಯಾಡ ಅನ್ನು” ಅಂದರು. ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಹುಡುಗನ ಮನೆ ನೋಡಿ ಬರುವುದು ವಾಡಿಕೆ. ಅವ್ವ ಯಶವಂತಪುರದಲ್ಲಿ ಬಾವಿ ನೀರು ಕುಡಿದು ನೋಡಿದಳು, ಒಲೆ ನೋಡಿದಳು, ಅತ್ತೆಯಾಗುವವರ ಮಾತು ಎಷ್ಟು ಜೋರು ಅಂತಲೂ ಅಳೆದಳು. ಹೊರಡುವಾಗ ಹೊಸಿಲ ಮೇಲೆ ನಿಂತು, “ಮನೆ ಚೆಂದಾಗದೆ. ಆದ್ರೆ ಇವ್ರು ಅಗಲೊತ್ತೆಲ್ಲ ಇರಾದು ಇಲ್ಲಲ್ವಲ್ಲ, ಮ್ಯಾಲೆ. ಅದನ್ನೂ ನೋಡ್ಬೇಕು” ಅಂದಳಂತೆ.

ಮುಂದಿನ ಭಾನುವಾರ ಅವ್ವ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಮನೆದೇವರ ಹೆಸರು ಹೇಳುತ್ತ ವಿಮಾನ ಹತ್ತಿದಳು. ಮುಂದಿನ ಸೀಟಿನಲ್ಲಿ ಓಡಿಸಲು ಇವರು. ಅಪ್ಪ ಮತ್ತು ನಾನು ಮೈದಾನದ ಅಂಚಿನಲ್ಲಿ ನಿಂತೆವು. ವಿಮಾನ ನಮ್ಮ ತೋಟದ ಕಡೆ ಹೋಗಿ ತಿರುಗಿತು. ತಿರುಗಿ ಬರುವಾಗ ಸದ್ದು ತಗ್ಗಿತು. ನನ್ನ ಕೈ ತಾಳಿಯಿಲ್ಲದ ಬರಿಯ ಕತ್ತಿಗೆ ಹೋಯಿತು. “ನಿಂತೋಯ್ತು” ಅಂದವಳು ಈ ಸಲ ನಾನು. ಒಂದೇ ವಿಮಾನದಲ್ಲಿ ಅವ್ವನೂ ಇದ್ದಳು, ಅವರೂ ಇದ್ದರು. ಅಷ್ಟು ಭಯ ಅದಕ್ಕೆ ಮುಂಚೆ ಪಟ್ಟಿರಲಿಲ್ಲ.

ಅದು ಮೆತ್ತಗೆ ನೆಲ ಮುಟ್ಟಿ, ಕುಣಿಯುತ್ತ ಬಂದು ನಿಂತಿತು. ಅವ್ವ ಕೆದರಿದ ತಲೆಯಲ್ಲಿ ಇಳಿದು ನೇರ ನನ್ನ ಹತ್ತಿರ ಬಂದಳು.

“ಮ್ಯಾಲೆ ಏನೂ ಇಲ್ಲ ಕಣೇ. ತೊಟ್ಲಾಗೆ ಕೂತಂಗದೆ. ಸದ್ದು ತಗ್ಗಿದಾಗ ಬಗ್ಗಿ ನೋಡ್ದೆ, ನೀನು ಕತ್ತು ಇಡ್ಕಂಡು ನಿಂತಿದ್ದೆ. ಭಯ ಅನ್ನಾದು ಕೆಳಗೆ ನಿಂತೋರ್ಗೆ.” ಆಮೇಲೆ ಅವರ ಕಡೆ ತಿರುಗಿ, “ಕೊಡ್ತೀನಿ. ಆದ್ರೆ ಇವಳ್ನೂ ಒಂದ್ಸಲ ಮ್ಯಾಕೆ ಕರ್ಕಂಡೋಗಿ” ಅಂದಳು.

ಮದುವೆಯಾದ ಮೇಲೆ ಕರೆದುಕೊಂಡು ಹೋದರು. ಕಣ್ಣು ಮುಚ್ಚಿಯೇ ಕೂತಿದ್ದೆ. ಸದ್ದು ತಗ್ಗಿದಾಗ, ಏನಾದರೂ ಆಗಲಿ ಅಂತ ತೆರೆದೆ. ಜಕ್ಕೂರು ಕೆರೆ, ಹೊಲ, ರಸ್ತೆ ಎಲ್ಲ ಅವಸರವಿಲ್ಲದೆ ಹತ್ತಿರ ಬರುತ್ತಿದ್ದವು. ಇಷ್ಟೇನಾ ಅನ್ನಿಸಿತು. ವಿಮಾನದ ಭಯ ನನಗೆ ಅವತ್ತೇ ಬಿಟ್ಟುಹೋಯಿತು.

ಕೆಳಗೆ ನಿಂತವರ ಭಯ ಮಾತ್ರ ಹೋಗಲಿಲ್ಲ. ಅವರು ಹಾರುವುದು ಬಿಟ್ಟು ಎಷ್ಟೋ ಕಾಲವಾಯಿತು, ಈಗ ಅವರು ಹೋಗುವ ದೂರ ಅಂದರೆ ಬಚ್ಚಲುಮನೆ. ಒಳಗೆ ಚೊಂಬಿನ ಸದ್ದು ಸ್ವಲ್ಪ ಹೊತ್ತು ಕೇಳಿಸದಿದ್ದರೆ ಸಾಕು, ಬಾಗಿಲು ತಟ್ಟಿ, “ರೀ?” ಅನ್ನುತ್ತೇನೆ.

“ಇದ್ದೀನಿ ಕಣೇ” ಅನ್ನುತ್ತಾರೆ ಒಳಗಿನಿಂದ.