ನಾಲ್ಕನೇ ಲೇನಿಗೆ ಅಡ್ಡ ಹಿಡಿದ ಗಳ

ಶಮಾ ಕಸ್ತೂರೆವ್ವನನ್ನು ಮೊದಲ ಸಲ ನೋಡಿದಾಗ ಕಂಡದ್ದು ಮುಖವಲ್ಲ, ಬಿದಿರಿನ ಗಳ. ಇಂಡಿ ಪಟ್ಟಣದ ಈಜುಕೊಳದಲ್ಲಿ ಹೆಂಗಸರಿಗೆ ಬೆಳಿಗ್ಗೆ ಆರರಿಂದ ಏಳು, ಒಂದೇ ತಾಸು. ನಾಲ್ಕು ಲೇನು, ನಲವತ್ತು ಜನ. ಶಮಾ ಎರಡೂ ಕೈಗಳನ್ನು ಒಟ್ಟಿಗೆ ನೀರಿನಿಂದೆತ್ತಿ ಬೀಸುತ್ತ ಬಟರ್‌ಫ್ಲೈ ಹೊಡೆಯುತ್ತಿದ್ದಳು. ಆ ಈಜಿನಲ್ಲಿ ತಲೆ ಮೇಲೆ ಬರುವುದು ಒಂದು ಉಸಿರಿನಷ್ಟು ಹೊತ್ತು. ಎದುರಿಗೆ ಯಾರಿದ್ದಾರೆಂದು ನೋಡಲು ಪುರುಸೊತ್ತು ಸಿಗುವುದಿಲ್ಲ. ಹಾಗೆ ತಲೆ ಎತ್ತಿದವಳ ಮೂಗಿನಿಂದ ಗೇಣು ದೂರದಲ್ಲಿ ಗಳ ಅಡ್ಡ ಬಂತು. ಅದರ ಇನ್ನೊಂದು ತುದಿಯಲ್ಲಿ ಐವತ್ತು ದಾಟಿದ ಹೆಂಗಸು. ಮೊಳಕಾಲಿನವರೆಗೆ ಎತ್ತಿ ಕಟ್ಟಿದ ಇಳಕಲ್ ಸೀರೆ, ಅದರ ಮೇಲೆ ಕೊಳದ ಕಾವಲಿನವರಿಗೆ ಕೊಡುವ ಕೆಂಪು ಟೀಶರ್ಟು. ಎಡಗೈಯಲ್ಲಿ ಅರ್ಧ ಕುಡಿದ ಚಹಾದ ಲೋಟವಿತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ.

"ಇದೇನ್ ನಿಮ್ಮಪ್ಪನ ಬಾವಿ ಏನ?"

"ಯೂನಿವರ್ಸಿಟಿ ಟೀಮಿಗೆ ಸೆಲೆಕ್ಷನ್ ಐತ್ರಿ ಅಕ್ಕಾರ. ಇಪ್ಪತ್ತೆಂಟ ದಿನ ಉಳದಾವ."

"ಅಲ್ಲಿ ಹೋಗಿ ಬಡದಾಡು. ಇಲ್ಲಿ ಹಿಂದ ಹೊಳ್ಳಿ ನೋಡು."

ಹಿಂದೆ ಇಬ್ಬರು ಹೆಂಗಸರು ಕೆಮ್ಮುತ್ತಿದ್ದರು. ಒಬ್ಬಳು ಭುಜ ಒತ್ತಿಕೊಳ್ಳುತ್ತಿದ್ದಳು. ಶಮಾಗೆ ಅವರ ಮೇಲೇ ಸಿಟ್ಟು ಬಂತು: ಸರಿಯಬಾರದಿತ್ತೇ? ಕಸ್ತೂರೆವ್ವ ಅವಳನ್ನು ಮೂರು ದಿನ ದಂಡೆಯ ಮೇಲೆ ಕೂಡಿಸಿದಳು. ಇಪ್ಪತ್ತೆಂಟರಲ್ಲಿ ಮೂರು ಹೋದವು. ಬಿಎಸ್ಸಿ ಕೊನೆಯ ವರ್ಷದ ತನಗೆ, ಸಾಲಿ ಕಟ್ಟೆ ಹತ್ತದ ಹೆಂಗಸು ಈಜು ಹೇಳಿಕೊಡುತ್ತಾಳೆಯೇ ಎಂದು ಶಮಾ ಒಳಗೊಳಗೇ ಕುದಿದಳು.

ಕಸ್ತೂರೆವ್ವ ಈಜು ಕಲಿತದ್ದು ತನ್ನೂರು ತಾಂಬಾದ ಬಾವಿಯಲ್ಲಿ. ಕಟ್ಟೆಯಿಂದ ಜಿಗಿಯುವವರು ಮೊದಲು "ಬಂದ್ನೀ" ಎಂದು ಕೂಗಬೇಕು. ಆ ಕೂಗಿಗೆ ನೀರಿನಲ್ಲಿದ್ದವರೆಲ್ಲ ಗೋಡೆ ಹಿಡಿಯಬೇಕು. ಕೊನೆಯವರ ಕೈ ಗೋಡೆಗೆ ಹತ್ತುವ ತನಕ ಮೇಲಿನವರು ಕಾಲು ಎತ್ತಬಾರದು. ಹದಿನಾಲ್ಕರ ವಯಸ್ಸಿನಲ್ಲಿ ಕಸ್ತೂರೆವ್ವ ಕೂಗಿದಳು, ಕಾಯಲಿಲ್ಲ. ಕೆಳಗೆ ತಂಗಿ ಸಿದ್ದಲಿಂಗವ್ವ ಇದ್ದಳು.

"ಅಕಿ ಹೆಗಲ ಮುರೀತು. ಇವತ್ತಿಗೂ ತಲಿ ತಾನ ಬಾಚಕೊಳ್ಳಾಕ ಬರಂಗಿಲ್ಲ," ಎಂದು ನಾಲ್ಕನೆಯ ದಿನ ಹೇಳಿ, ಕಸ್ತೂರೆವ್ವ ಗಳ ಸರಿಸಿ ಶಮಾಳನ್ನು ನೀರಿಗೆ ಬಿಟ್ಟಳು.

ಅಂದಿನಿಂದ ಕಟ್ಟಳೆಗಳು ಶುರುವಾದವು. ಮುಂದಿನವರು ಅರ್ಧ ಲೇನು ದಾಟುವ ತನಕ ಹೊರಡುವಂತಿಲ್ಲ. ಎರಡು ಸಲ ಕೈ ಬೀಸಿದ ಮೇಲೊಮ್ಮೆ ಎದುರು ನೋಡಬೇಕು. ಎದುರಿನಿಂದ ಯಾರಾದರೂ ಬಂದರೆ ಅವರ ಕಡೆಯ ಕೈ ಮುಂದಕ್ಕೆ ಚಾಚಿಟ್ಟು, ಇನ್ನೊಂದರಲ್ಲೇ ಹೊಡೆಯಬೇಕು. ಅದಕ್ಕೆ ಅವಳು "ಒಂದ ರೆಕ್ಕಿ ಮಡಚು" ಎನ್ನುತ್ತಿದ್ದಳು. ಜೊತೆಗೆ, ಹೊರಡುವ ಮುನ್ನ ಬಾವಿಯ ಕೂಗು ಹಾಕಬೇಕು.

ಹದಿನಾರನೆಯ ದಿನ ಶಮಾ ಕೂಗಿದಳು, ಎಲ್ಲರೂ ಸರಿದ ಮೇಲೆಯೇ ಹೊರಟಳು. ನಡು ಲೇನಿನಲ್ಲಿ ಅವಳ ಮಣಿಕಟ್ಟು ಅಬಿದಾಳ ಮೂಗಿಗೆ ಬಡಿಯಿತು. ನೀರು ಕೆಂಪಾಯಿತು.

ಸಿಂದಗಿ ರಸ್ತೆಯಲ್ಲಿ ಬಟ್ಟೆ ಹೊಲಿಯುವ ಅಬಿದಾ ಕೂಡ ಹುಡುಗಿಯಾಗಿದ್ದಾಗ ಬಾವಿಗೆ ಇಳಿದವಳೇ. ಕೂಗು ಕಿವಿಗೆ ಬಿದ್ದ ಕೂಡಲೇ ಕೈ ತಾನಾಗಿ ಗೋಡೆ ಹುಡುಕಿತ್ತು. ಕೊಳದ ನಡುವೆ ಗೋಡೆ ಎಲ್ಲಿಂದ ಬರಬೇಕು? ಸಿಕ್ಕದ್ದು ಲೇನಿನ ಹಗ್ಗ. ಅವಳು ಹಗ್ಗ ಹಿಡಿದು ನಿಂತಳು. ಅಗಲಕ್ಕೆ ಬೀಸಿದ ಶಮಾಳ ಕೈ ಬಂದು ಬೀಳುವುದೂ ಸರಿಯಾಗಿ ಅಲ್ಲಿಯೇ.

ಮರುದಿನ ಗೇಟಿಗೆ ಹಾಳೆ ಅಂಟಿತ್ತು: ಸುರಕ್ಷತೆಯ ಕಾರಣ ಮಹಿಳೆಯರ ಸಮಯ ರದ್ದು. ಕೊಳದ ಮೇಲ್ವಿಚಾರಕ ಅಮಿತ ಬೀಗ ಹಿಡಿದು ನಿಂತಿದ್ದ. ಹೆಂಗಸರು ಗದ್ದಲ ಮಾಡಿದಾಗ ಅವನು ಒಂದು ದಾರಿ ತೋರಿಸಿದ. ಆ ಹುಡುಗಿಯನ್ನು ಹೊರಗಿಟ್ಟರೆ ತಾಸು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ನೀವೇ ಆರಿಸಿ ಎಂದ. ಕೆಲವರು ಶಮಾಳ ಕಡೆ ತಿರುಗಿದರು. ನಿನ್ನೆಯ ತನಕ ಡಬ್ಬಿ ಬಿಚ್ಚಿ ಉಪ್ಪಿಟ್ಟು ಕೊಡುತ್ತಿದ್ದವರು ಈಗ ಅವಳನ್ನು ಬಿಟ್ಟುಕೊಡುವ ಲೆಕ್ಕದಲ್ಲಿದ್ದರು. ಶಮಾ ಚೀಲ ಹೆಗಲಿಗೆ ಏರಿಸಿದಳು.

"ಚೀಲ ಇಳಸು," ಎಂದಳು ಕಸ್ತೂರೆವ್ವ. ಆಮೇಲೆ ಅಮಿತನ ಎದುರಿಗೆ ಹೋಗಿ ನಿಂತಳು. "ತಪ್ಪ ನಂದ್ರಿ. ಕೂಗಾಕ ಹಚ್ಚಿದಾಕಿ ನಾನು. ಬಾವಿ ರೀತಿ ಕೊಳಕ್ಕ ಬರಂಗಿಲ್ಲ ಅನ್ನೂದ ನನಗ ತಿಳೀಲಿಲ್ಲ. ಅದನ್ನ ನಾ ತಿದ್ದತೇನಿ. ನೀವ ಒಂದ ಮಾತ ಹೇಳ್ರಿ. ಹ್ವಾದ ತಿಂಗಳ ಗಂಡಸರ ಹೊತ್ತಿನಾಗ ಹಿಮ್ಮಡ ಬಡದು ಒಬ್ಬಾವನ ಹಲ್ಲ ಮುರೀತು. ಅವತ್ತ ಬರ್ಫ ತರಸಿದ್ರಿ, ಇವತ್ತ ಬೀಗ ತಂದೀರಿ. ಯಾಕ್ರಿ?"

ಕೆಲಸದವಳು ಕೆಲಸದವಳ ಹಾಗೆ ಇರಬೇಕು ಎಂದ ಅಮಿತ. ಗಾಯವಾದವರ ದೂರು ಬಂದಿದೆ ಎಂದೂ ಸೇರಿಸಿದ.

ಹತ್ತಿ ತುರುಕಿದ ಮೂಗಿನಲ್ಲೇ ಅಬಿದಾ ಮುಂದೆ ಬಂದಳು. "ಮೂಗ ನಂದ್ರಿ ಸಾಹೇಬ್ರ. ನಾ ಯಾವ ತಕರಾರೂ ಕೊಟ್ಟಿಲ್ಲ. ನನ್ನ ಮೂಗಿನ ಹೆಸರ ಹೇಳಿ ಈ ತಾಸ ಕಸಗೋಬ್ಯಾಡ್ರಿ."

ಯಾರೋ ನಕ್ಕರು. ಆ ನಗುವಿಗೆ ಅಮಿತನ ಮುಖ ಇನ್ನಷ್ಟು ಕೆಂಪಾಯಿತು. ಅಷ್ಟರಲ್ಲಿ ಅಬಿದಾಳೇ ಹಾಳೆ ಕಿತ್ತು ಮಡಚಿ ಚೀಲಕ್ಕೆ ಹಾಕಿಕೊಂಡಳು. ಆ ಹಾಳೆ ಮೇಲಿನವರ ಕೈ ಸೇರಿ, ಇಲ್ಲದ ದೂರಿನ ಬಗ್ಗೆ ಅವರು ಕೇಳಿದರೆ ಏನು ಹೇಳುವುದೆಂಬ ಹೆದರಿಕೆ ಅಮಿತನಿಗಿತ್ತು. ಬೀಗ ತೆಗೆದ. ಆದರೆ ಸಂಜೆಯೊಳಗೆ ಕಸ್ತೂರೆವ್ವನ ಟೀಶರ್ಟು ವಾಪಸು ಇಸಿದುಕೊಂಡು, ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದ. ಅವಳು ಕಾವಲಿದ್ದ ಆರು ವರ್ಷಗಳಲ್ಲಿ ಆ ನೀರಿನಲ್ಲಿ ಒಬ್ಬರೂ ಮುಳುಗಿರಲಿಲ್ಲ.

ಅವಳ ಜಾಗಕ್ಕೆ ಬಂದ ಹುಡುಗಿ ಫ್ಯಾನಿನ ಕೆಳಗೆ ಕುಳಿತು ಮೊಬೈಲು ನೋಡುತ್ತಾಳೆ. ಶಮಾಗೆ ಅದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತದೆ. ಆಯ್ಕೆಯಲ್ಲಿ ಅವಳು ಎರಡನೆಯವಳಾಗಿ ತಂಡ ಸೇರಿದಳು. ಆ ಸುದ್ದಿ ಹೇಳಲು ತಾಂಬಾಕ್ಕೆ ಹೋದಾಗ ಕಸ್ತೂರೆವ್ವ ತಂಗಿಯ ತಲೆ ಬಾಚುತ್ತಿದ್ದಳು. ಎದುರಿನವರಿಗೆ ರೆಕ್ಕೆ ಮಡಚಿದೆಯೋ ಇಲ್ಲವೋ ಎಂದಷ್ಟೇ ಕೇಳಿದಳು. ಅಲ್ಲಿ ಲೇನಿಗೆ ಒಬ್ಬರೇ ಇದ್ದರೆಂದು ಶಮಾ ಹೇಳಿದಾಗ, ಹಾಗಾದರೆ ಅದೇನು ದೊಡ್ಡ ಈಜು ಎಂದಳು.

ಈಗ ಕಸ್ತೂರೆವ್ವ ವಾರಕ್ಕೆ ಆರು ದಿನ ತಾಂಬಾದಿಂದ ಮೊದಲ ಬಸ್ಸಿಗೆ ಇಂಡಿಗೆ ಬರುತ್ತಾಳೆ. ಎಲ್ಲರ ಹಾಗೆ ಚೀಟಿ ತೆಗೆಸಿ ಒಳಗೆ ಹೋಗುತ್ತಾಳೆ. ದಣಿದವರು ಹಗ್ಗ ಹಿಡಿಯದೆ ತುದಿಯ ಗೋಡೆಗೇ ಬರುವಂತೆ ನೋಡಿಕೊಳ್ಳುತ್ತಾಳೆ. ಕೊನೆಯ ಹದಿನೈದು ನಿಮಿಷ ನಾಲ್ಕನೇ ಲೇನಿನ ತುದಿಯಲ್ಲಿ ಮನೆಯಿಂದ ತಂದ ಗಳ ಅಡ್ಡ ಹಿಡಿದು ನಿಲ್ಲುತ್ತಾಳೆ. ಲೇನು ಖಾಲಿಯಾದಾಗ, ಕೂಗಿನ ಬದಲು, ಅದನ್ನು ಮೇಲೆತ್ತುತ್ತಾಳೆ; ಆಗ ಶಮಾ ಎರಡೂ ರೆಕ್ಕೆ ಬಿಚ್ಚಿ ಹೊರಡುತ್ತಾಳೆ.