ಗೋಡೆಯ ಮೇಲಿನ ಸ್ಕೇಲು

ಕಳೆದ ಭಾನುವಾರ ಬೆಳಿಗ್ಗೆ, ಮೂರು ವರ್ಷ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕಾದಿದ್ದ ಅಲ್ಯೂಮಿನಿಯಂ ಬಿಲ್ಲೆಯನ್ನು ಕರಗಿಸಲಾಯಿತು. ಅದೇನೆಂದು ಕೇಳಿದವರಿಗೆಲ್ಲ ನಾನು ಮಾತು ತೇಲಿಸುತ್ತಿದ್ದೆ. ನಿಮಗೆ ಹೇಳುತ್ತೇನೆ: ನಾನು ಮಾಡಿದ ತಪ್ಪಿನ ಎರಕ ಅದು.

ಆಗ ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತಾ ವಿಮಾನಪುರದಲ್ಲಿ ಬಾಡಿಗೆಗಿದ್ದೆ. ಮನೆಯ ಮಾಲೀಕ ಮಣಿ ಸರ್, ಎರಕಕ್ಕೆ ಬೇಕಾದ ಮರದ ಮಾದರಿಗಳನ್ನು ಮಾಡಿ ನಿವೃತ್ತರಾದವರು. ಹಿತ್ತಲಲ್ಲಿ ಲೋಹ ಕರಗಿಸಲು ಅವರದೊಂದು ಒಲೆ: ಎಣ್ಣೆ ಡ್ರಮ್ಮಿನ ಒಳಗೆ ಜೇಡಿಮಣ್ಣು, ಗಾಳಿಗೆ ಮಗಳ ಹಳೆಯ ಹೇರ್ ಡ್ರೈಯರ್.

ಹಿಂದಿನ ರಸ್ತೆಯಲ್ಲಿ ಕಲಬುರಗಿಯ ಶರಣಮ್ಮ ಶಾವಿಗೆ ಒತ್ತಿ ಮಾರುತ್ತಿದ್ದರು. ಒತ್ತುವ ಯಂತ್ರದಲ್ಲಿ ಹಿಟ್ಟನ್ನು ಕೆಳಗೆ ತಳ್ಳುವ ಬಿಲ್ಲೆ ಒಂದು ಭಾನುವಾರ ಸೀಳಿಹೋಯಿತು. ಆ ಅಳತೆಯದು ಅಂಗಡಿಯಲ್ಲಿಲ್ಲ. ಇಂದಿರಾನಗರದ ಸೀಮಂತವೊಂದಕ್ಕೆ ಮರುದಿನವೇ ಶಾವಿಗೆ ಒಣಗಿಸಬೇಕಿತ್ತು. ಅದು ಅವರ ಮೊದಲ ದೊಡ್ಡ ಆರ್ಡರ್. ಸೀಳಿದ ಬಿಲ್ಲೆ, ಕರಗಿಸಲು ಎರಡು ನೆಗ್ಗಿದ ಅಲ್ಯೂಮಿನಿಯಂ ಪಾತ್ರೆ ಹಿಡಿದು ಮಣಿ ಸರ್ ಬಳಿಗೆ ಬಂದರು.

ಮಣಿ ಸರ್‌ಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು, ಸ್ಕೇಲಿನ ಸಣ್ಣ ಗೆರೆಗಳು ಕಾಣುತ್ತಿರಲಿಲ್ಲ. “ಒಡೆದಿರೋದನ್ನ ನೀವೇ ಅಳೀರಿ. ಆಮೇಲೆ ಗೋಡೆ ಮೇಲಿರೋ ಸ್ಕೇಲ್ ತಂದು ಮರಕ್ಕೆ ಗುರುತು ಹಾಕಿ. ಪೇಪರ್‌ನೋರು, ನಿಮ್ಮತ್ರ ತಪ್ಪು ಬರುತ್ತಾ?” ಎಂದರು.

ಮೂರು ಸಲ ಅಳೆದೆ. ಕೈಯಲ್ಲೇ ಒಂದು ಸ್ಕೇಲ್ ಇರುವಾಗ ಇನ್ನೊಂದೇಕೆಂದು ಅದರಲ್ಲೇ ಗುರುತು ಹಾಕಿದೆ. ಮಣಿ ಸರ್ ಗುರುತಿನಂತೆ ಮರ ಕಡೆದು, ಒದ್ದೆ ಮರಳಿನಲ್ಲಿ ಅಚ್ಚು ಒತ್ತಿ, ಕರಗಿದ ಪಾತ್ರೆಯನ್ನು ಸುರಿದರು. ಆರಿದ ಬಿಲ್ಲೆಯನ್ನು ಉಜ್ಜಿ ಯಂತ್ರಕ್ಕೆ ಹಾಕಿ ಒತ್ತಿದೆವು.

“ಅಣ್ಣಾ, ಹಿಟ್ಟು ಕೆಳಗ ಹೋಗವಲ್ದು. ಸುತ್ತ ಮ್ಯಾಲೇ ಬರ್ಲತದ್ರೀ!”

ಮಣಿ ಸರ್ ನನ್ನ ಕಡೆ ತಿರುಗಿದರು. “ಯಾವ ಸ್ಕೇಲಪ್ಪಾ ಹಿಡಿದಿದ್ದು?” ತೋರಿಸಿದೆ. “ಅಯ್ಯೋ ಸಾಮಿ! ಲೋಹ ಆರಿದ್ರೆ ಕುಗ್ಗುತ್ತೆ. ಅದಕ್ಕೇ ಗೋಡೆ ಸ್ಕೇಲಲ್ಲಿ ಒಂದೊಂದು ಇಂಚೂ ಒಂಚೂರು ಉದ್ದ. ನಿಮ್ದು ಕರೆಕ್ಟಾಗಿರೋ ಸ್ಕೇಲು, ಅದೇ ಪ್ರಾಬ್ಲಂ,” ಎಂದು ನಕ್ಕರು.

“ನಗೋದು ಆಮ್ಯಾಲ ನಗ್ರಿ, ಹಿಟ್ಟು ಒಣಗ್ಲತದ,” ಎಂದರು ಶರಣಮ್ಮ, ಎರಡನೇ ಪಾತ್ರೆ ಮುಂದಿಡುತ್ತಾ.

ಸಂಜೆಗೆ ಎರಡನೇ ಬಿಲ್ಲೆ ಸರಿಯಾಗಿ ಕೂತಿತು. ಮೊದಲನೆಯದನ್ನು ಶರಣಮ್ಮ ನನ್ನ ಕೈಗಿಟ್ಟರು: “ಇದು ನಿಮ್ದು, ಇಟ್ಕೋರಿ.”

ಈಗ ನಾನಿರುವುದು ಕೆ.ಆರ್. ಪುರದಲ್ಲಿ. ಶರಣಮ್ಮ ಅಂಥದೇ ಹಳೆಯ ಯಂತ್ರವೊಂದನ್ನು ತಂಗಿಗೆ ಕೊಂಡಿದ್ದಾರೆ. ಅದಕ್ಕೆ ಬಿಲ್ಲೆ ಇರಲಿಲ್ಲ. ಭಾನುವಾರ ನನ್ನ ಬಿಲ್ಲೆಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ವಿಮಾನಪುರಕ್ಕೆ ಹೋದೆ. ಮಣಿ ಸರ್ ಒಲೆ ಹಚ್ಚಿದ್ದರು. ಯಾರೂ ಹೇಳುವ ಮೊದಲೇ ಒಳಗೆ ಹೋಗಿ ಗೋಡೆಯ ಮೇಲಿನ ಸ್ಕೇಲ್ ತಂದೆ.

ಇವತ್ತು ಬೆಳಿಗ್ಗೆ ಶರಣಮ್ಮ ಫೋನ್ ಮಾಡಿದ್ದರು. ಹಿಟ್ಟು ಮೇಲೆ ಬಂದಿಲ್ಲ.