ಆಯಿಲ್ ನೆಕ್ಕುವ ಮೌನಪ್ಪ

ಮೌನಪ್ಪನನ್ನು ಮೊದಲ ಸಲ ಕಂಡಾಗ ನನಗೆ ಹೇಸಿಗೆಯಾಗಿತ್ತು. ನನ್ನ ಕಾರಿನ ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿ ಎಳೆದು, ಅದರ ತುದಿಯ ಕರಿ ಆಯಿಲನ್ನು ಬೆರಳಿಗೆ ಸವರಿಕೊಂಡು ನಾಲಿಗೆಗೆ ಹಚ್ಚಿಕೊಂಡ. ಮುಂದಿನ ಹಲ್ಲುಗಳನ್ನು ಒಂದಕ್ಕೊಂದು ಉಜ್ಜಿ ನೋಡಿ, ಪಕ್ಕಕ್ಕೆ ತಿರುಗಿ ಥೂ ಎಂದು ಉಗುಳಿದ. ಅದೇ ಕೈಯಿಂದ ಮಿರ್ಚಿ ಭಜಿ ಎತ್ತಿ ತಿಂದ. ನನಗೂ ಒಂದು ಕೊಡಲು ಬಂದ.

ಗಂಗಾವತಿಯ ಅಕ್ಕಿ ಗಿರಣಿಗಳ ಹಿಂದೆ ಅವನ ಗ್ಯಾರೇಜು, ಒಂದು ತಗಡಿನ ಶೆಡ್ಡು. ಚೆಲ್ಲಿದ ಆಯಿಲ್ ಹೀರಲೆಂದು ನೆಲಕ್ಕೆಲ್ಲ ಭತ್ತದ ಹೊಟ್ಟು ಹರವುತ್ತಿದ್ದ. ಆ ಕರಿ ಹೊಟ್ಟು ಚಪ್ಪಲಿಗೆ ಮೆತ್ತಿಕೊಂಡು ಮನೆಯ ತನಕ ಬರುತ್ತಿತ್ತು. ನಾನೋ ತಾವರಗೇರಾದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ, ಇಸ್ತ್ರಿ ಮುರಿಯದ ಅಂಗಿಯವನು. ಮಕ್ಕಳಿಗೆ ಕೈ ತೊಳೆಯುವ ಪಾಠ ಹೇಳುವವನು. ಕೆಲಸ ಬಲ್ಲವನೆಂದು ನಾಲ್ಕು ಜನ ಹೇಳಿದ್ದರಿಂದ ಮೂಗು ಮುಚ್ಚಿಕೊಂಡು ಹೋಗಿದ್ದೆ.

ನನ್ನ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಮೂರು ಉಸಿರು ಕರಕರ ಎಂದು, ಆಮೇಲೆ ಏನೂ ಆಗದಂತೆ ಸುಮ್ಮನಾಗುತ್ತಿತ್ತು. "ಗಾಡಿ ಇವತ್ತ ಇಲ್ಲೇ ಬಿಟ್ಟು ಹೋಗ್ರಿ ಸರ್," ಎಂದ ಮೌನಪ್ಪ. "ಬಿಸಿ ಇಂಜಿನ್ ಭಾಳ ಸಭ್ಯಸ್ಥ ಇರತೈತಿ. ಅದರ ನಿಜ ತಿಳೀಬೇಕಂದ್ರ ಮುಂಜಾನಿ ತಣ್ಣಗಿದ್ದಾಗ ಕೇಳಬೇಕು."

ಮರುದಿನ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮುಂಭಾಗಕ್ಕೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತ. ನಾನು ಕೀಲಿ ತಿರುಗಿಸಿದೆ.

"ಟೈಮಿಂಗ್ ಚೈನ್ ಸವದು ಉದ್ದ ಆಗೇತ್ರಿ. ಅದನ್ನ ಬಿಗಿ ಹಿಡಿಯೋ ಟೆನ್ಷನರ್ ಚಾಚೂವಷ್ಟು ಚಾಚಿ ಮುಗದೈತಿ. ಸವದ ಪುಡಿ ಆಯಿಲ್‌ನಾಗ ಬಂದೈತಿ, ನಿನ್ನೆ ಹಲ್ಲಿಗೆ ಸಿಕ್ತು. ಚೈನು, ಹಲ್ಲಿನ ಗಾಲಿ, ಚೈನ್ ಜಾರೂ ಪಟ್ಟಿ, ಟೆನ್ಷನರ್, ಎಲ್ಲಾ ಒಮ್ಮೆಲೇ ಬದ್ಲಿ ಮಾಡಬೇಕು. ಚೈನ್ ಒಂದೆರಡ ಹಲ್ಲು ಹಾರಿತಂದ್ರ ಪಿಸ್ಟನ್ ಬಂದು ವಾಲ್ವಿಗೆ ಬಡೀತೈತಿ. ನಡುದಾರ್ಯಾಗ ಕುಂದ್ರಬೇಕಾಗತೈತಿ ನೋಡ್ರಿ."

ಆದರೆ ನಾನು ಕಾರು ಮಾರಲು ನಿರ್ಧರಿಸಿಯಾಗಿತ್ತು. ಕೊಳ್ಳುತ್ತೇನೆಂದು ಕೇಳಿದವನು ನಮ್ಮ ಶಾಲೆಯ ಜವಾನ ಸಂಗಪ್ಪ. ಅವನ ಹೆಂಡತಿ ಗೌರಮ್ಮನ ಕಿಡ್ನಿ ಕೆಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕೊಪ್ಪಳಕ್ಕೆ ಹೋಗಬೇಕಾಗಿತ್ತು. ಬಸ್ಸು ಬದಲಿಸಿ ಬದಲಿಸಿ ಆಕೆ ಹಣ್ಣಾಗಿದ್ದಳು.

"ಮಾರುವ ತನಕ ಸದ್ದು ಅಡಗಿದರೆ ಸಾಕು, ದಪ್ಪನೆಯ ಆಯಿಲ್ ಹಾಕಿಕೊಡು" ಎಂದೆ.

ಮೌನಪ್ಪ ನನ್ನನ್ನೇ ನೋಡಿದ. "ಅಳೂ ಕೂಸಿನ ಬಾಯಾಗ ಅರಿವಿ ತುರುಕಿದ್ರ ಜ್ವರ ಇಳೀತೈತೇನ್ರಿ? ನನ್ನ ಕೈಲೆ ಆಗೂದಿಲ್ಲ."

ಆಯಿಲ್ ನೆಕ್ಕುವವನು ನನಗೆ ಬುದ್ಧಿ ಹೇಳುತ್ತಾನಲ್ಲ ಎಂದು ಮೈ ಉರಿಯಿತು. ಬೈಪಾಸಿನ ಬಳಿ ಇನ್ನೊಂದು ಗ್ಯಾರೇಜಿಗೆ ಹೋದೆ. ಫರಸಿ ನೆಲ, ಬಿಳಿ ಒರೆಸುಬಟ್ಟೆ, ಎಲ್ಲ ಚೊಕ್ಕಟ. ಅವರು ಮರುಮಾತಿಲ್ಲದೆ ಟ್ರ್ಯಾಕ್ಟರ್ ಆಯಿಲ್ ಸುರಿದರು. ಸದ್ದು ಅರ್ಧಕ್ಕರ್ಧ ಇಳಿಯಿತು. ಉಳಿದರ್ಧಕ್ಕೆ ನಾನೇ ಉಪಾಯ ಮಾಡಿದೆ. ಸಂಗಪ್ಪ ನೋಡಲು ಬರುವ ಮೊದಲೇ ಇಂಜಿನ್ ಬಿಸಿ ಮಾಡಿಟ್ಟೆ. ಬಿಸಿ ಇಂಜಿನ್ ಸಭ್ಯಸ್ಥ ಎಂದು ನನಗೆ ಕಲಿಸಿದ್ದು ಮೌನಪ್ಪನೇ.

"ಸರ್, ನಿಮ್ಮ ಕೈಯಾಗಿನ ಗಾಡಿ ಅಂದ್ಮ್ಯಾಲ ನೋಡೂದೇನೈತ್ರಿ," ಎಂದು ಸಂಗಪ್ಪ ಕೈ ಮುಗಿದ. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಉಗುಳಬೇಕೆನಿಸುತ್ತದೆ.

ಇಪ್ಪತ್ತು ದಿನವೂ ಕಳೆದಿರಲಿಲ್ಲ. ನಾನು ಗಂಗಾವತಿಯಲ್ಲಿದ್ದಾಗ ಸಂಗಪ್ಪನ ಫೋನು ಬಂತು. ಕನಕಗಿರಿ ದಾಟಿದ ಮೇಲೆ ಗಾಡಿ ಸತ್ತು ನಿಂತಿದೆ, ಗೌರಮ್ಮ ಒಳಗಿದ್ದಾಳೆ, ಏನು ಮಾಡಲಿ ಎಂದ. ನನಗೆ ನೆನಪಾದದ್ದು ಮೌನಪ್ಪನೊಬ್ಬನೇ. ಅವನ ಬೈಕಿನ ಹಿಂದೆ ಕುಳಿತು ಹೋದೆ. ಕಾಲು ಬಾತ ಗೌರಮ್ಮ ಹಿಂದಿನ ಸೀಟಿನಲ್ಲಿ ಒರಗಿದ್ದಳು. ಸಂಗಪ್ಪ ಆಸ್ಪತ್ರೆಯ ಫೈಲಿನಿಂದ ಗಾಳಿ ಹಾಕುತ್ತಿದ್ದ. ಮೌನಪ್ಪ ಕಾರಿನ ಕಡೆ ನೋಡಲೇ ಇಲ್ಲ. ರಸ್ತೆಗೆ ಅಡ್ಡ ನಿಂತು ಒಂದು ಟಾಟಾ ಏಸ್ ನಿಲ್ಲಿಸಿ, ಇಬ್ಬರನ್ನೂ ಹತ್ತಿಸಿ ಕಳಿಸಿದ.

ಆಮೇಲೆ ಕೀಲಿ ತಿರುಗಿಸಿದ. ಇಂಜಿನ್ ಹಗುರಾಗಿ, ಒಳಗೆ ಏನೂ ಇಲ್ಲದಂತೆ ತಿರುಗಿತು; ಚೈನ್ ಹಲ್ಲು ಹಾರಿತ್ತು. ಕಡ್ಡಿ ಎಳೆದು ಬೆರಳು ನೆಕ್ಕಿದ, ಉಗುಳಿದ. "ಟ್ರ್ಯಾಕ್ಟರ್ ಆಯಿಲ್," ಎಂದ.

ಗೌರಮ್ಮನ ಅಂದಿನ ಡಯಾಲಿಸಿಸ್ ಸರದಿ ತಪ್ಪಿತ್ತು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು, ಹೇಗೋ ಉಳಿದಳು. ಕಾರಿಗೆ ಎಂಟು ದಿನ ಹಿಡಿಯಿತು. ಮೌನಪ್ಪ ಬಾಗಿದ ವಾಲ್ವುಗಳನ್ನು ಬದಲಿಸಿ, ಹಳೆಯ ಚೈನನ್ನೂ ಹೊಸದನ್ನೂ ಹೊಟ್ಟಿನ ಮೇಲೆ ಪಕ್ಕಪಕ್ಕ ಮಲಗಿಸಿ ಸಂಗಪ್ಪನಿಗೆ ತೋರಿಸಿದ. ಹಳೆಯದು ಹೊಸದಕ್ಕಿಂತ ಅರ್ಧ ಕೊಂಡಿಯಷ್ಟು ಉದ್ದವಿತ್ತು. ಗುರುತಿಗೆ ಗುರುತು ಕೂಡಿಸಿ ಹೊಸ ಚೈನ್ ಹಾಕಿದ. ಸ್ಟಾರ್ಟ್ ಮಾಡುವ ಮೊದಲು ನಟ್ಟಿಗೆ ಪಾನಾ ಹಾಕಿ ಇಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿದ. "ಮೊದ್ಲ ಕೈಗೆ ತಿಳೀಬೇಕ್ರಿ, ಕೀಲಿ ಆಮ್ಯಾಲ," ಎನ್ನುವುದು ಅವನ ಮಾತು. ಹಳೆಯ ಆಯಿಲ್ ಯಾರು ಹಾಕಿದ್ದೆಂದು ಸಂಗಪ್ಪ ಕೇಳಿದಾಗ, "ಯಾವನೋ ಹಾಕ್ಯಾನ ಬಿಡೋ," ಎಂದ. ನಾನು ಅಲ್ಲೇ ನಿಂತಿದ್ದೆ.

ಕೆಲವು ತಿಂಗಳ ಮೇಲೆ ನನ್ನ ಹೊಸ ಕಾರನ್ನು ಅವನಲ್ಲಿಗೆ ಒಯ್ದೆ. ಭಜಿ ತಿನ್ನುತ್ತಿದ್ದ, ಏಳಲಿಲ್ಲ.

"ಇಲ್ರೀ ಸರ್. ನಿಮ್ಮ ಗಾಡಿ ಮುಟ್ಟಾಕ ನನಗ ಹೇಸಿಗಿ ಆಗತೈತಿ," ಎಂದ. ದನಿ ಏರಲಿಲ್ಲ. "ಸಂಗಪ್ಪಗ ನಾ ಏನೂ ಹೇಳಿಲ್ಲ. ನೀವ ಹೇಳ್ರಿ. ಹೇಳಿದ ದಿನ ಬರ್ರಿ, ಛಲೋತ್ನ್ಯಾಗಿ ಮಾಡಿಕೊಡ್ತೀನಿ."

ಅದೇ ಕಡೆಯ ಭೇಟಿ. ಈ ಬೇಸಿಗೆಯಲ್ಲಿ ಮೌನಪ್ಪ ತೀರಿಕೊಂಡ. ಸುದ್ದಿ ತಂದವನು ಸಂಗಪ್ಪ, ಶಿಕ್ಷಕರ ಕೋಣೆಗೆ, ಕೈಯಲ್ಲಿ ನನ್ನ ಚಹಾ ಹಿಡಿದುಕೊಂಡು.

"ಭಾಳ ಛಲೋ ಮನಷ್ಯಾರೀ ಸರ್," ಎಂದು ಕಣ್ಣೊರೆಸಿಕೊಂಡ. "ನಮ್ಮ ಗೌರಿ ಇವತ್ತ ಅದಾಳಂದ್ರ ಅವನಿಂದ, ನಿಮ್ಮಿಂದ. ನೀವಲ್ಲೇನ್ರಿ ಅವನ್ನ ಕರಕೊಂಡು ಬಂದವ್ರು?"

ಹೇಳಲೆಂದು ಬಾಯಿ ತೆರೆದೆ. ಚಹಾ ಆರುತ್ತದೆ ಎಂದು ಸಂಗಪ್ಪ ಕಪ್ಪನ್ನು ಕೈಗಿತ್ತ. ಕುಡಿದೆ.